ಜಿಮ್ಮಿನ ಬಲ ಬಚ್ಚಲಮನೆಯಲ್ಲಿ ಒದಗುತ್ತದೆಯೇ?

ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿದ ಕ್ಷಣದಿಂದ ಸೊಂಟ ನೆಲಕ್ಕೆ ಬಡಿಯುವವರೆಗೆ ಪೂರ್ತಿ ಒಂದು ಸೆಕೆಂಡೂ ಸಿಗುವುದಿಲ್ಲ. ಅಷ್ಟರೊಳಗೆ ಏನೇನು ನಡೆಯಬೇಕು ನೋಡಿ. ಜಾರುತ್ತಿದೆ ಎಂಬ ಸುದ್ದಿ ಪಾದದಿಂದ, ಒಳಕಿವಿಯಿಂದ, ಕಣ್ಣಿನಿಂದ ಬೆನ್ನುಹುರಿಗೂ ಮಿದುಳಿಗೂ ಮುಟ್ಟಬೇಕು. ಇನ್ನೊಂದು ಕಾಲು ನೆಲ ಬಿಟ್ಟು, ಮೈ ವಾಲುತ್ತಿರುವ ಕಡೆಗೆ ಚಾಚಿ ಊರಿಕೊಳ್ಳಬೇಕು. ಊರಿದ ಕಾಲಿನ ಮಂಡಿ ಮಡಚಿ ಹೋಗದಂತೆ ತೊಡೆ ಥಟ್ಟನೆ ಬಿಗಿಯಬೇಕು, ಸೊಂಟ ಪಕ್ಕಕ್ಕೆ ಕುಸಿಯದಂತೆ ಚಪ್ಪೆಯ ಪಕ್ಕದ ಸ್ನಾಯುಗಳು ಹಿಡಿದಿಡಬೇಕು, ಕೈ ಗೋಡೆಯನ್ನೋ ನಲ್ಲಿಯನ್ನೋ ಹುಡುಕಬೇಕು. ಸ್ನಾಯುವೊಂದು ತನ್ನ ಪೂರ್ಣ ಬಲಕ್ಕೆ ಏರಲು 300 ಮಿಲಿಸೆಕೆಂಡಾದರೂ, ಅಂದರೆ ಸುಮಾರು ಮೂರನೇ ಒಂದು ಸೆಕೆಂಡಾದರೂ ಬೇಕು. ಜಾರಿದವರಿಗೆ ಅಷ್ಟು ಪುರುಸೊತ್ತು ಇರುವುದು ಅಪರೂಪ. ಆ ಹೊತ್ತಿನಲ್ಲಿ ಮೈಯಲ್ಲಿ ಒಟ್ಟು ಎಷ್ಟು ಬಲವಿದೆ ಎನ್ನುವುದಷ್ಟೇ ಸಾಲದು. ಅದು ಎಷ್ಟು ಬೇಗ, ಯಾವ ಕ್ರಮದಲ್ಲಿ, ಮೈ ಯಾವ ಭಂಗಿಯಲ್ಲಿದ್ದಾಗ ಬಂದು ಒದಗುತ್ತದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಲೆಕ್ಕವನ್ನು ಈಗಲೇ ಹಾಕಬೇಕಾದ ಕಾಲ ಬಂದಿದೆ. 1990ರ ದಶಕದ ಕೊನೆಗೆ, 2000ದ ಆಚೀಚೆಗೆ ಬೆಂಗಳೂರಿನ ಕಂಪನಿಗಳಿಗೆ ಸೇರಿದ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಈಗ ಐವತ್ತರ ಆಸುಪಾಸು. 2035ರ ಹೊತ್ತಿಗೆ ಅವರು ಅರವತ್ತರ ಗಡಿಯಲ್ಲಿರುತ್ತಾರೆ. ಕೂತೇ ದುಡಿದ, ಕೂತೇ ಪಯಣಿಸಿದ, ಕೂತೇ ಉಂಡ ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಮುಪ್ಪಿಗೆ ಕಾಲಿಡುವುದು ನಮ್ಮಲ್ಲಿ ಇದೇ ಮೊದಲು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು 14.9 ಕೋಟಿ ಇದ್ದರು. 2050ಕ್ಕೆ ಅವರ ಸಂಖ್ಯೆ 34.7 ಕೋಟಿ ಮುಟ್ಟಲಿದೆ. ಐವರಲ್ಲಿ ಒಬ್ಬರು ಹಿರಿಯರು. ಅವರಲ್ಲಿ ಎಷ್ಟು ಮಂದಿ ಯಾರ ಹೆಗಲೂ ಹಿಡಿಯದೆ ಹಾಸಿಗೆಯಿಂದ ಏಳುತ್ತಾರೆ ಎನ್ನುವುದು ಈಗ, ಅವರ ನಲವತ್ತು-ಐವತ್ತರಲ್ಲಿ, ತೀರ್ಮಾನವಾಗುತ್ತಿದೆ.

ಕುರುಹುಗಳು ಒಳ್ಳೆಯದನ್ನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರ ಜೂನ್‌ನಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ದಲ್ಲಿ ನೂರಕ್ಕೆ ಸುಮಾರು 22ರಷ್ಟು ಭಾರತೀಯ ವಯಸ್ಕರಿಗೆ ಮಾತ್ರ ಮೈ ಚಟುವಟಿಕೆ ಸಾಲದಾಗಿತ್ತು. 2022ಕ್ಕೆ ಅದು ಹೆಚ್ಚುಕಡಿಮೆ 50ಕ್ಕೇರಿತು. ಹೀಗೇ ಸಾಗಿದರೆ 2030ಕ್ಕೆ 60. ಹೆಂಗಸರ ಸ್ಥಿತಿ ಗಂಡಸರಿಗಿಂತ ಕಡೆ. ಒಂದೇ ತಲೆಮಾರಿನ ಅವಧಿಯಲ್ಲಿ ಅರ್ಧ ದೇಶ ಅಲುಗಾಡುವುದನ್ನು ಬಿಟ್ಟಿದೆ ಎಂದರೆ, ಅದರ ಬಿಲ್ಲು ಬರುವುದು ಇನ್ನೊಂದು ತಲೆಮಾರಿನ ನಂತರ.

ಸ್ನಾಯು ಸವೆಯುವುದು ಮುಪ್ಪಿನಲ್ಲಿ ಶುರುವಾಗುವ ಕಥೆಯಲ್ಲ. ಮೂವತ್ತು ದಾಟಿದ ಮೇಲೆ, ಏನೂ ಮಾಡದೆ ಬಿಟ್ಟರೆ, ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಕರಗುವ ವೇಗ ಹೆಚ್ಚುತ್ತದೆ. ಬಲ ಕುಗ್ಗುವುದು ಗಾತ್ರ ಕುಗ್ಗುವುದಕ್ಕಿಂತ ಬೇಗ, ಚುರುಕು ಕುಗ್ಗುವುದು ಬಲಕ್ಕಿಂತಲೂ ಬೇಗ. ಥಟ್ಟನೆ ಬಿಗಿಯುವ ವೇಗದ ಎಳೆಗಳೇ ಮೊದಲು ಸೊರಗುತ್ತವೆ. ಜಾರಿದಾಗ ಕೈಹಿಡಿಯಬೇಕಾದ ಎಳೆಗಳೂ ಅವೇ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಈ ಸವೆತಕ್ಕೆ ಸಾರ್ಕೊಪೀನಿಯ ಎಂದು ಹೆಸರಿಟ್ಟರು. ಅದಕ್ಕೆ ಅಮೆರಿಕದ ರೋಗಪಟ್ಟಿಯಲ್ಲಿ ಪ್ರತ್ಯೇಕ ಸಂಕೇತ ಸಿಕ್ಕಿದ್ದು 2016ರಲ್ಲಿ. ನಮ್ಮ ಮನೆಗಳಲ್ಲಿ ಮಾತ್ರ ಈಗಲೂ ‘ವಯಸ್ಸಾಯ್ತಲ್ಲ’ ಎಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಗುತ್ತದೆ.

ಹಾಸಿಗೆ ಹಿಡಿದರೆ ಏನಾಗುತ್ತದೆ ಎಂಬುದನ್ನು 2007ರ ಒಂದು ಪ್ರಯೋಗ ತೋರಿಸಿತು. ಸರಾಸರಿ ಅರವತ್ತೇಳರ ವಯಸ್ಸಿನ, ಯಾವ ರೋಗವೂ ಇಲ್ಲದ ಹನ್ನೆರಡು ಮಂದಿಯನ್ನು ಹತ್ತು ದಿನ ಮಂಚದಲ್ಲೇ ಮಲಗಿಸಿದರು. ಹತ್ತು ದಿನಕ್ಕೆ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಇಳಿದಿತ್ತು. ಡೆಂಗಿಯೋ ನ್ಯುಮೋನಿಯಾವೋ ಬಂದು ಆಸ್ಪತ್ರೆ ಸೇರಿದ ಅಜ್ಜಿ ಜ್ವರ ಬಿಟ್ಟರೂ ಮೊದಲಿನಂತೆ ಓಡಾಡದೆ ಉಳಿದದ್ದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸ್ನಾಯುವಿನ ಉಳಿತಾಯ ಇದ್ದವರು ಇಂಥ ನಷ್ಟವನ್ನು ತಾಳಿಕೊಳ್ಳುತ್ತಾರೆ. ನಮ್ಮಲ್ಲಿ ಉಳಿತಾಯವೇ ತೆಳು.

17 ದೇಶಗಳ ಸುಮಾರು 1,40,000 ಜನರ ಕೈಹಿಡಿತದ ಬಲವನ್ನು ಅಳೆದ ಪ್ಯೂರ್ ಅಧ್ಯಯನದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಭಾರತವೂ ಆ ದೇಶಗಳಲ್ಲಿ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪ್ಯೂರ್‌ನ ಭಾರತದ ಕೇಂದ್ರಗಳಲ್ಲಿ ಒಂದು. ಹಿಡಿತ 5 ಕಿಲೋ ಕಡಿಮೆಯಾದಷ್ಟೂ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚುತ್ತಿತ್ತು. ಸಾವನ್ನು ಮುಂಗಾಣುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತ ಮುಷ್ಟಿಯ ಬಲವೇ ಮುಂದಿತ್ತು. ಮುಷ್ಟಿಯೊಂದನ್ನೇ ಹಿಚುಕಿ ಹಿಚುಕಿ ಗಟ್ಟಿ ಮಾಡಿಕೊಂಡರೆ ಆಯುಸ್ಸು ಹೆಚ್ಚೀತು ಎಂದು ಇದರರ್ಥವಲ್ಲ. ಇಡೀ ಮೈಯ ಬಲ ಹೇಗಿದೆ ಎಂಬುದನ್ನು ಮುಷ್ಟಿ ಹೇಳುತ್ತದೆ, ಅಷ್ಟೇ. ಅದೇ ಅಧ್ಯಯನದ ಅಳತೆಗಳಲ್ಲಿ ಯುರೋಪು, ಉತ್ತರ ಅಮೆರಿಕದವರ ಹಿಡಿತ ಎಲ್ಲರಿಗಿಂತ ಮೇಲಿತ್ತು. ದಕ್ಷಿಣ ಏಷ್ಯಾದವರದು ತೀರ ಕೆಳಗಿನ ಗುಂಪಿನಲ್ಲಿತ್ತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ತಮ್ಮದೇ ಫೋಟೋ ಹಾಕಿಸಿ ತೋರಿಸಿದ ಸಂಗತಿಯೂ ಇದಕ್ಕೆ ಕೂಡುತ್ತದೆ. ಪಕ್ಕದಲ್ಲಿ ನಿಂತವರು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್. ಇಬ್ಬರ ಎತ್ತರ-ತೂಕದ ಸೂಚ್ಯಂಕವೂ ಒಂದೇ, 22.3. ಮೈಯ ಕೊಬ್ಬು ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ತಕ್ಕಡಿ ಇಬ್ಬರನ್ನೂ ಒಂದೇ ಎಂದಿತು. ಒಳಗಿದ್ದ ಸರಕು ಬೇರೆಯೇ ಆಗಿತ್ತು. ಊಟದ ನಂತರ ಇನ್ಸುಲಿನ್ ಹೇಳಿದಂತೆ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ದೊಡ್ಡ ಉಗ್ರಾಣ ಸ್ನಾಯುವೇ ಆದ್ದರಿಂದ, ತೆಳ್ಳಗೆ ಕಂಡೂ ಸಕ್ಕರೆ ಕಾಯಿಲೆಗೆ ತುತ್ತಾಗುವ ನಮ್ಮವರ ಪಾಡಿಗೆ ಇದೂ ಒಂದು ಕಾರಣ. ಐಸಿಎಂಆರ್‌ನ 2023ರ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ.

ಇದನ್ನೆಲ್ಲ ಅರಿತೋ, ಡಾಕ್ಟರು ಹೆದರಿಸಿದರೆಂದೋ, ನಡುವಯಸ್ಸಿನವರು ಈಗ ಜಿಮ್ಮಿಗೆ ಹೋಗುತ್ತಿದ್ದಾರೆ. ಅದು ಸಂತೋಷದ ವಿಷಯ, ಎರಡು ಮಾತಿಲ್ಲ. ನನ್ನ ಆತಂಕ ಇರುವುದು ಅಲ್ಲಿಗೆ ಹೋದ ಮೇಲೆ ಏನಾಗುತ್ತದೆ ಎನ್ನುವುದರ ಬಗ್ಗೆ.

ಲೆಗ್ ಪ್ರೆಸ್ ಮೆಷಿನ್ನಿನ ಬಳಿ ಸ್ವಲ್ಪ ನಿಂತು ನೋಡಿ. ಮೆತ್ತನೆಯ ಸೀಟಿನಲ್ಲಿ ಬೆನ್ನು ಚಾಚಿ ಮಲಗಬೇಕು. ತಲೆಗೆ ಆಸರೆ, ಸೊಂಟಕ್ಕೆ ಆಸರೆ, ಹಿಡಿದುಕೊಳ್ಳಲು ಎರಡು ಹಿಡಿ. ಎರಡೂ ಪಾದಗಳನ್ನು ಅಗಲವಾದ ತಟ್ಟೆಗೆ ಒತ್ತಿ ನೂಕಿದರೆ ಪ್ಲೇಟುಗಳನ್ನು ಹೊತ್ತ ಗಾಡಿ 45 ಡಿಗ್ರಿ ಓರೆಯ ಕಂಬಿಗಳ ಮೇಲೆ ಜಾರಿಕೊಂಡು ಮೇಲೇರುತ್ತದೆ. ಟ್ರೈನರ್ ಪಕ್ಕದಲ್ಲಿ ನಿಂತು ‘ಇನ್ನೊಂದು ಸರ್, ಇನ್ನೊಂದೇ ಒಂದು’ ಎಂದು ಹುರಿದುಂಬಿಸುತ್ತಾರೆ. 100 ಕಿಲೋ ಹಾಕಿದ್ದರೂ ಇಳಿಜಾರಿನ ಲೆಕ್ಕದಲ್ಲಿ ಕಾಲಿಗೆ ತಾಗುವುದು 70 ಕಿಲೋದಷ್ಟು. ಅದೂ ದೊಡ್ಡ ಸಂಗತಿಯಲ್ಲ. ಗಾಡಿ ಎಡಕ್ಕೂ ವಾಲದು, ಬಲಕ್ಕೂ ವಾಲದು. ಸೊಂಟವನ್ನು ಸೀಟೇ ಹಿಡಿದಿರುವುದರಿಂದ ಚಪ್ಪೆಯ ಪಕ್ಕದ ಸ್ನಾಯುಗಳಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಬೆನ್ನು ತನ್ನನ್ನು ತಾನು ನೆಟ್ಟಗೆ ಇಟ್ಟುಕೊಳ್ಳಬೇಕಿಲ್ಲ. ಪಾದದ ಅಡಿಯಿಂದ, ಒಳಕಿವಿಯಿಂದ ಮಿದುಳಿಗೆ ಹೋಗಬೇಕಾದ ಹೊಸ ಸುದ್ದಿ ಯಾವುದೂ ಇಲ್ಲ. ತೊಡೆಯ ಮುಂಭಾಗ ಚೆನ್ನಾಗಿ ದುಡಿಯುತ್ತದೆ, ದಪ್ಪವಾಗುತ್ತದೆ, ಮುಂದಿನ ತಿಂಗಳು ಇನ್ನೊಂದು ಪ್ಲೇಟು ಸೇರುತ್ತದೆ. ಆ ಏರುವ ಅಂಕಿಯನ್ನು ನೋಡಿ ‘ನನ್ನ ಕಾಲು ಗಟ್ಟಿಯಾಯಿತು’ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಎಷ್ಟರಮಟ್ಟಿಗೆ ಗಟ್ಟಿ? 1986ರಲ್ಲಿ ರುದರ್‌ಫರ್ಡ್ ಮತ್ತು ಜೋನ್ಸ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಇದನ್ನು ಅಳೆದರು. ಹನ್ನೆರಡು ವಾರ ಕೂತು ಮಂಡಿ ಚಾಚುವ ವ್ಯಾಯಾಮ ಮಾಡಿದವರು ಎತ್ತುವ ತೂಕ ನೂರಕ್ಕೆ 160ರಿಂದ 200ರಷ್ಟು ಏರಿತು. ಅದೇ ತೊಡೆಯ ಸ್ನಾಯುವನ್ನು ಬೇರೆ ಬಗೆಯಲ್ಲಿ, ಅಲುಗಾಡದೆ ಬಿಗಿಹಿಡಿಸಿ ಅಳೆದಾಗ ಏರಿಕೆ 3ರಿಂದ 20ರಷ್ಟು ಮಾತ್ರ. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯಿತು? ಅದು ಸ್ನಾಯುವಿನಲ್ಲಿ ಇರಲೇ ಇಲ್ಲ. ಆ ಒಂದು ಚಲನೆಯನ್ನು ನರಮಂಡಲ ಕಲಿತುಕೊಂಡ ಚಾಕಚಕ್ಯತೆಯಾಗಿತ್ತು. ಜಾತ್ರೆಯಲ್ಲಿ ಹಗ್ಗ ಹಿಡಿದವರೆಲ್ಲ ಒಂದೇ ಉಸಿರಿಗೆ ಜಗ್ಗಿದರೆ ಮಾತ್ರ ತೇರಿನ ಗಾಲಿ ಕದಲುವಂತೆ, ಯಾವ ಸ್ನಾಯು ಯಾವಾಗ ಎಷ್ಟು ಜಗ್ಗಬೇಕು ಎಂಬ ಹೊಂದಾಣಿಕೆಯೇ ಬಲದ ದೊಡ್ಡ ಪಾಲು. ಆ ಹೊಂದಾಣಿಕೆ ಕಲಿತ ಭಂಗಿಗೆ, ಕಲಿತ ವೇಗಕ್ಕೆ ಅಂಟಿಕೊಂಡಿರುತ್ತದೆ. ಮಲಗಿ ಕಲಿತದ್ದು ನಿಂತಾಗ ಪೂರ್ತಿಯಾಗಿ ಕೈಗೆ ಬರುವುದಿಲ್ಲ.

ನೆದರ್‌ಲೆಂಡ್ಸಿನಲ್ಲಿ ಪೌಲ್ ಡಿ ವ್ರೀಡೆ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನ ಉಳಿಯಲಿಲ್ಲ. ಎಪ್ಪತ್ತು ದಾಟಿದ, ಆರೋಗ್ಯವಾಗಿದ್ದ 98 ಹೆಂಗಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ನಾಯುಬಲದ ವ್ಯಾಯಾಮ. ಇನ್ನೊಂದು ಗುಂಪಿಗೆ ದಿನಬಳಕೆಯ ಕೆಲಸಗಳನ್ನೇ ವ್ಯಾಯಾಮವಾಗಿಸಿ ಕೊಟ್ಟರು: ಏಳುವುದು-ಕೂರುವುದು, ಸಾಮಾನು ಎತ್ತಿ ಒಯ್ಯುವುದು, ಮೈ ತಿರುಗಿಸಿ ಇಡುವುದು. ಮೂರನೆಯ ಗುಂಪು ತನ್ನ ಪಾಡಿಗೆ ತಾನಿತ್ತು. ಹನ್ನೆರಡು ವಾರದ ನಂತರ ಸ್ನಾಯುಬಲದ ಗುಂಪಿನವರ ಸ್ನಾಯುಗಳು ಅಳತೆಯಲ್ಲಿ ಗಟ್ಟಿಯಾಗಿದ್ದವು, ನಿಜ. ಆದರೆ ಮನೆಗೆಲಸದಂಥ ಚಟುವಟಿಕೆಗಳ ಪರೀಕ್ಷೆಯಲ್ಲಿ ಮುಂದಿದ್ದವರು ಕೆಲಸವನ್ನೇ ಅಭ್ಯಾಸ ಮಾಡಿದವರು. ಅಭ್ಯಾಸ ನಿಲ್ಲಿಸಿ ಆರು ತಿಂಗಳಾದ ಮೇಲೂ ಆ ಲಾಭ ಅವರಲ್ಲಿ ಉಳಿದಿತ್ತು.

ಬೀಳುವುದರ ಬಗ್ಗೆ ಇನ್ನೂ ದೊಡ್ಡ ಪುರಾವೆ ಇದೆ. ಕ್ಯಾಥರೀನ್ ಶೆರಿಂಗ್ಟನ್ ಮತ್ತು ತಂಡ 2019ರಲ್ಲಿ ಕೊಕ್ರೇನ್ ಸಂಸ್ಥೆಗಾಗಿ 25 ದೇಶಗಳ 108 ಪ್ರಯೋಗಗಳನ್ನು, 23,407 ಹಿರಿಯರ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿತು. ಸಮತೋಲನದ ಮತ್ತು ದೈನಂದಿನ ಚಲನೆಯ ವ್ಯಾಯಾಮಗಳು ಬೀಳುವುದನ್ನು ನೂರಕ್ಕೆ 24ರಷ್ಟು ತಗ್ಗಿಸಿದವು. ಅವುಗಳೊಂದಿಗೆ ಬಲದ ವ್ಯಾಯಾಮ ಸೇರಿದಾಗ ಬೀಳುವುದು 34ರಷ್ಟು ತಗ್ಗಿತು. ಬಲದ ವ್ಯಾಯಾಮವೊಂದನ್ನೇ ಮಾಡಿದರೆ? ಉಪಯೋಗವಿದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಬರೀ ನಡಿಗೆಗೂ ಅದೇ ಉತ್ತರ. ಬೆಳಗಾದರೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಸಂಜೆ ಮೆಷಿನ್ನಿನ ಮೇಲೆ ಕೂತೆದ್ದರೆ ಮುಪ್ಪಿಗೆ ಬೇಕಾದುದೆಲ್ಲ ಆಯಿತು ಎಂದು ನಂಬಿರುವ ನಮ್ಮ ಊರಿನ ಸಾವಿರಾರು ಮಂದಿ ಓದಲೇಬೇಕಾದ ಸಾಲುಗಳಿವು. ನಡಿಗೆ ಹೃದಯಕ್ಕೆ ಒಳ್ಳೆಯದು. ಬೀಳದಂತೆ ಹಿಡಿಯುವ ಕೆಲಸವನ್ನು ಅದರ ಮೇಲೆ ಹೊರಿಸಲಾಗದು.

ಮೆಷಿನ್‌ಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಸ್ಯಾಂಡರ್ 1860ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮದ ಯಂತ್ರಗಳನ್ನು ಜೋಡಿಸಿದ್ದು ಚಿಕಿತ್ಸೆಗಾಗಿ. ಇಂದಿನ ಜಿಮ್ಮುಗಳ ಮೆಷಿನ್‌ಗಳಿಗೆ ದಾರಿ ಹಾಕಿದ್ದು 1970ರಲ್ಲಿ ಅಮೆರಿಕದ ಆರ್ಥರ್ ಜೋನ್ಸ್ ಮಾರುಕಟ್ಟೆಗೆ ತಂದ ನಾಟಿಲಸ್. ಆಪರೇಷನ್ ಆದ ಮಂಡಿಗೆ, ಪಾರ್ಶ್ವವಾಯು ಬಡಿದ ಕಾಲಿಗೆ, ನಿಲ್ಲಲೂ ಆಗದಷ್ಟು ಸೊರಗಿದವರಿಗೆ ಮೆಷಿನ್ ದೊಡ್ಡ ಉಪಕಾರಿ. ಬಾಸ್ಟನ್ನಿನ ಮರಿಯಾ ಫಿಯಟರೋನ್ 1990ರಲ್ಲಿ ವೃದ್ಧಾಶ್ರಮವೊಂದರ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. ಅವರ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ತೊಂಬತ್ತರಲ್ಲೂ ಸ್ನಾಯು ಚಿಗುರುತ್ತದೆ ಎಂದು ಜಗತ್ತಿಗೆ ತೋರಿದ ಪ್ರಯೋಗ ಅದು. ಸ್ನಾಯುವಿನ ಗಾತ್ರ ಬೆಳೆಸುವುದರಲ್ಲಿ ಮೆಷಿನ್‌ಗೂ ಬಿಡಿ ಭಾರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು 2023ರ ಪರಿಶೀಲನೆಯೊಂದೂ ಹೇಳಿದೆ. ತೊಂದರೆ ಇರುವುದು ಮೆಷಿನ್ನಿನಲ್ಲೇ ಶುರುವಾಗಿ ಮೆಷಿನ್ನಿನಲ್ಲೇ ಮುಗಿಯುವ ಅಭ್ಯಾಸದಲ್ಲಿ. ವರ್ಷಗಟ್ಟಲೆ ಫೀಸು ಕಟ್ಟಿದವರು ಒಮ್ಮೆಯೂ ನೆಲದ ಮೇಲೆ ಕೂತು ಏಳದೆ, ಒಂಟಿ ಕಾಲಿನ ಮೇಲೆ ಭಾರ ಹೊರದೆ, ಒಂದು ಬಕೆಟ್ಟನ್ನೂ ಎತ್ತಿಕೊಂಡು ನಡೆಯದೆ ಮನೆಗೆ ಹೋಗುತ್ತಿದ್ದಾರೆ.

ನೆಲದಿಂದ ಏಳುವುದನ್ನೇ ತೆಗೆದುಕೊಳ್ಳಿ. ಚಕ್ಕಳಮಕ್ಕಳ ಹಾಕಿ ಕೂತವರು ಮೊದಲು ಮೈಯನ್ನು ಮುಂದಕ್ಕೆ ಬಾಗಿಸಬೇಕು; ಚಪ್ಪೆಯ ಕೀಲು ಸಡಿಲವಾಗಿಲ್ಲದಿದ್ದರೆ ಅಲ್ಲಿಗೇ ತಡೆ. ಆಮೇಲೆ ಪಾದ ಊರಿ, ಹಿಮ್ಮಡಿ ನೆಲಕ್ಕೆ ತಾಗುವಷ್ಟು ಪಾದದ ಕೀಲು ಬಾಗಿ, ಕುಕ್ಕರಗಾಲಿನ ಭಂಗಿಗೆ ಬರಬೇಕು. ಅಲ್ಲಿಂದ ತೊಡೆ, ಪೃಷ್ಠ, ಬೆನ್ನು ಮೂರೂ ಸೇರಿ ಇಡೀ ಮೈಯ ಭಾರವನ್ನು ಮೇಲೆತ್ತಬೇಕು. ಎತ್ತುತ್ತಿರುವಾಗ ಭಾರದ ನಡುಗೆರೆ ಪಾದಗಳ ಆಚೆ ಜಾರದಂತೆ ಕಾಲ್ಬೆರಳುಗಳು ನೆಲವನ್ನು ಹಿಡಿಯುತ್ತಿರಬೇಕು. ರಿಯೊ ಡಿ ಜನೈರೊದ ವೈದ್ಯ ಕ್ಲಾಡಿಯೊ ಅರೌಜೊ ಇದನ್ನೇ ಪರೀಕ್ಷೆಯಾಗಿಸಿದರು. ನೆಲಕ್ಕೆ ಕೂರಲು 5 ಅಂಕ, ಏಳಲು 5. ಕೈ ಊರಿದರೆ, ಮಂಡಿ ಊರಿದರೆ ಒಂದೊಂದು ಅಂಕ ಕಳೆಯಬೇಕು. 51ರಿಂದ 80 ವಯಸ್ಸಿನ 2,002 ಮಂದಿಯನ್ನು ಆರು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದಾಗ, 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದವರಿಗಿಂತ 3 ಅಥವಾ ಅದಕ್ಕೂ ಕೆಳಗಿಳಿದವರಲ್ಲಿ ಸಾವಿನ ಸಂಭವ ಐದಾರು ಪಟ್ಟು ಹೆಚ್ಚಿತ್ತು. ಅದೇ ತಂಡ 2022ರಲ್ಲಿ ಇನ್ನೂ ಸುಲಭದ ಪರೀಕ್ಷೆಯೊಂದರ ಫಲಿತಾಂಶ ಕೊಟ್ಟಿತು: ಹತ್ತು ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲಲಾಗದವರಲ್ಲಿ, ವಯಸ್ಸು, ತೂಕ, ಹಳೆಯ ಕಾಯಿಲೆಗಳ ಲೆಕ್ಕ ತೆಗೆದ ಮೇಲೂ, ಮುಂದಿನ ಏಳು ವರ್ಷಗಳಲ್ಲಿ ಸಾವಿನ ಸಂಭವ ನೂರಕ್ಕೆ 84ರಷ್ಟು ಹೆಚ್ಚು. ನಿಲ್ಲಲಾಗದ್ದೇ ಸಾವಿಗೆ ಕಾರಣ ಎಂದು ಇವು ಹೇಳುವುದಿಲ್ಲ. ಒಳಗೆ ಏನೋ ಕುಸಿಯುತ್ತಿದೆ ಎಂದು ಬಹಳ ಮುಂಚೆಯೇ ಎಚ್ಚರಿಸುತ್ತವೆ.

ನಮ್ಮ ಮನೆಗಳು ನೆಲದಿಂದ ಏಳುವ ಪರೀಕ್ಷೆಯನ್ನು ದಿನಕ್ಕೆ ಹತ್ತಾರು ಸಲ ತಾವಾಗಿಯೇ ಮಾಡಿಸುತ್ತಿದ್ದವು. ನೆಲದ ಮೇಲೆ ಊಟ, ಈಳಿಗೆಮಣೆ, ಒರಳುಕಲ್ಲು, ಬಟ್ಟೆ ಒಗೆಯುವ ಕಲ್ಲು, ಕುಕ್ಕರಗಾಲಿನ ಕಕ್ಕಸು. ಎರಡೇ ತಲೆಮಾರಿನಲ್ಲಿ ಡೈನಿಂಗ್ ಟೇಬಲ್ಲು, ಸೋಫಾ, ಕಮೋಡು, ಲಿಫ್ಟು ಬಂದವು. ಮಂಡಿ ನೋವಿನವರಿಗೆ ಕಮೋಡು ವರದಾನ. ಅದನ್ನು ಕಿತ್ತುಹಾಕಿ ಎನ್ನುವವನು ನಾನಲ್ಲ. ಹಳೆಯ ದುಡಿಮೆಯನ್ನು ಹೊಗಳಿ ಕೂರುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ದಿನವಿಡೀ ನಾಟಿ ಮಾಡುವ, ನೀರು ಹೊರುವ ಹಳ್ಳಿಯ ಹೆಣ್ಣುಮಕ್ಕಳು ಐವತ್ತಕ್ಕೇ ಬೆನ್ನು ಬಾಗಿ ನಡೆಯುವುದನ್ನು ನೋಡಿದ್ದೇವೆ. ಬೇಳೆಯೂ ಸಾಲದ ಊಟ, ಸಾಲುಸಾಲು ಹೆರಿಗೆ, ವಿಶ್ರಾಂತಿಯಿಲ್ಲದ ಒಂದೇ ಬಗೆಯ ಭಾರ ಸ್ನಾಯುವನ್ನು ಬೆಳೆಸುವುದಿಲ್ಲ, ಸವೆಸುತ್ತದೆ. ಬೇಕಾದದ್ದು ಮೈಗೆ ಸವಾಲೆನಿಸುವ ಭಾರ, ಅದು ಮೆಲ್ಲಗೆ ಏರುವ ಕ್ರಮ, ನಡುವೆ ಬಿಡುವು, ಮತ್ತೆ ಹೊಟ್ಟೆ ತುಂಬ ಹೊಂದಿದ ಊಟ.

ಗರಡಿಮನೆ ಇದನ್ನು ಅರಿತಿತ್ತು. ಮೈಸೂರಿನ ಗರಡಿಗಳಲ್ಲಿ ಮಟ್ಟಿಯ ಮೇಲೆ ದಂಡ, ಬಸ್ಕಿ ಹೊಡೆಯುವವರಾಗಲಿ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಾಗಲಿ, ಯಾವ ಭಾರವನ್ನೂ ಕೂತು ಎತ್ತುವುದಿಲ್ಲ. ಗದೆ ಒಂದು ಕಡೆ ಭಾರ, ಒಂದು ಕಡೆ ಹಗುರ. ಹೆಗಲ ಹಿಂದೆ ಅದನ್ನು ತಿರುವುವಾಗ ಪಾದದಿಂದ ಮುಷ್ಟಿಯವರೆಗೆ ಎಲ್ಲವೂ ಎಚ್ಚರವಾಗಿರಬೇಕು. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದರು; ಕಬ್ಬಿಣದ ಭಾರ ಎತ್ತಿಸುತ್ತಲೇ ಸೂರ್ಯನಮಸ್ಕಾರದ ಬಗ್ಗೆಯೂ ಪುಸ್ತಕ ಬರೆದರು. ಭಾರ ಮತ್ತು ಚಲನೆ ಎರಡೂ ಒಂದೇ ಮೈಗೆ ಬೇಕು ಎಂಬುದು ಅವರಿಗೆ ತೊಂಬತ್ತು ವರ್ಷಗಳ ಹಿಂದೆಯೇ ಸಹಜವಾಗಿತ್ತು. ಗರಡಿಯನ್ನು ಹಾಗೆಹಾಗೇ ಮರಳಿ ತರಬೇಕಿಲ್ಲ. ಅಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ಅರವತ್ತರ ಸಂಕೋಚದವರಿಗೂ ಇರಲಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ಭಾರ ಎತ್ತಬೇಕಾದವರು ಮುಟ್ಟು ನಿಂತ ಹೆಂಗಸರೇ.

ಅದಕ್ಕೂ ಪುರಾವೆಯಿದೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ತಂಡ 2018ರಲ್ಲಿ ಪ್ರಕಟಿಸಿದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆಯ ಸಾಂದ್ರತೆ ಕುಗ್ಗಿದ್ದ 101 ಹೆಂಗಸರಿದ್ದರು. ಅಂಥವರ ಕೈಗೆ ಒಂದು-ಎರಡು ಕಿಲೋದ ಡಂಬೆಲ್ ಕೊಟ್ಟು ಕಳುಹಿಸುವುದೇ ಅಲ್ಲಿಯವರೆಗಿನ ರೂಢಿ. ಇಲ್ಲಿ ಅರ್ಧದಷ್ಟು ಮಂದಿ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ನೆಲದಿಂದ ಭಾರ ಎತ್ತಿದರು, ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ತೆಗೆದರು, ತಲೆಯ ಮೇಲೆ ಎತ್ತಿ ಹಿಡಿದರು, ಹಿಡಿಗಂಬಿಯಿಂದ ನೆಲಕ್ಕೆ ಧುಮುಕಿದರು. ಭಾರ ತಮ್ಮ ಗರಿಷ್ಠ ಸಾಮರ್ಥ್ಯದ ನೂರಕ್ಕೆ 85ಕ್ಕೂ ಮಿಗಿಲು. ಎಂಟು ತಿಂಗಳಿಗೆ ಅವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ 2.9ರಷ್ಟು ಏರಿತ್ತು, ಹಗುರ ವ್ಯಾಯಾಮ ಮಾಡಿದ ಮಿಕ್ಕವರದು 1.2ರಷ್ಟು ಇಳಿದಿತ್ತು. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಅವರು ಪ್ರತಿ ಸಲವೂ ತರಬೇತಾದವರ ಕಣ್ಣೆದುರಿಗೇ ಎತ್ತಿದರು, ಮೊದಲ ತಿಂಗಳು ಹಗುರ ಭಾರದಲ್ಲಿ ಭಂಗಿ ಕಲಿತರು. ವಿಡಿಯೋ ನೋಡಿ ನಾಳೆ ಬೆಳಗ್ಗೆ ಒಬ್ಬರೇ ಶುರುಮಾಡುವ ಕೆಲಸವಲ್ಲ ಇದು. ಬಿಪಿ ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ ಇರುವವರು, ಬೆನ್ನುಮೂಳೆ ಮುರಿತವಾದವರು ಮೊದಲು ವೈದ್ಯರನ್ನು, ಆಮೇಲೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಭಾರ ಎತ್ತುವಾಗ ಉಸಿರು ಕಟ್ಟಿ ಹಿಡಿದರೆ ರಕ್ತದೊತ್ತಡ ಏಕಾಏಕಿ ಏರುತ್ತದೆ. ಎತ್ತುತ್ತಾ ಉಸಿರು ಬಿಡುವುದನ್ನು ಮೊದಲ ದಿನವೇ ಕಲಿಯಬೇಕು.

ಆರೋಗ್ಯವಾಗಿರುವ ನಲವತ್ತು-ಐವತ್ತರವರಿಗೆ ದಾರಿ ಸರಳ. ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರುಮಾಡಿ, ಕುರ್ಚಿ ಮೋಡಾ ಆಗಲಿ, ಮೋಡಾ ಮಣೆಯಾಗಲಿ, ಮಣೆ ನೆಲವಾಗಲಿ. ಆಮೇಲೆ ಎದೆಗೆ ಒಂದು ಭಾರ ಅಪ್ಪಿಕೊಂಡು ಅದನ್ನೇ ಮಾಡಿ. ಬೆನ್ನು ಗೂನಾಗದಂತೆ ಸೊಂಟದಿಂದ ಬಾಗಿ ನೆಲದ ವಸ್ತುವನ್ನು ಎತ್ತುವುದು ಇನ್ನೊಂದು. ನಗರದ ಮನೆಗಳಲ್ಲೂ ಭಾರಕ್ಕೆ ಬರವಿಲ್ಲ: ಕುಡಿಯುವ ನೀರಿನ ಕ್ಯಾನು 20 ಕಿಲೋ, ಅಕ್ಕಿ ಮೂಟೆ 25, ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30. ಅಷ್ಟಕ್ಕೆ ಏರುವ ಮೊದಲು ಅರ್ಧ ತುಂಬಿದ ಬಕೆಟ್ಟು ಸಾಕು. ಅದನ್ನು ಒಂದೇ ಕೈಯಲ್ಲಿ ಹಿಡಿದು ಮೈ ವಾಲದಂತೆ ಹಜಾರದ ಉದ್ದಕ್ಕೂ ನಡೆದುನೋಡಿ. ಲೆಗ್ ಪ್ರೆಸ್ಸಿನಲ್ಲಿ ಮಲಗಿದ್ದ ಪಕ್ಕೆಯ, ಚಪ್ಪೆಯ ಸ್ನಾಯುಗಳೆಲ್ಲ ಎರಡೇ ನಿಮಿಷದಲ್ಲಿ ತಾವಿದ್ದೇವೆ ಎನ್ನುತ್ತವೆ. ಮೆಟ್ಟಿಲು ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಕಾಲು ಹೆಚ್ಚಾಗಿ ಕೈಕೊಡುವುದು ಇಳಿಯುವಾಗ. ಕೆಲವು ಬಸ್ಕಿಗಳನ್ನಾದರೂ ಏಳುವಾಗ ಚುರುಕಾಗಿ ಏಳಿ, ಸೊರಗುತ್ತಿರುವ ವೇಗದ ಎಳೆಗಳಿಗೆ ಕರೆ ಹೋಗುವುದು ಆಗಲೇ. ಸಿಡ್ನಿಯ ಲಿಂಡಿ ಕ್ಲೆಮ್ಸನ್ 2012ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಮೊದಲೇ ಬಿದ್ದಿದ್ದ ಎಪ್ಪತ್ತು ದಾಟಿದ ಹಿರಿಯರು ಇಂಥದ್ದನ್ನೇ ದಿನದ ಕೆಲಸಗಳ ನಡುವೆ ಹೆಣೆದುಕೊಂಡರು. ಕಟ್ಟೆಯ ಬಳಿ ಕೆಲಸ ಮಾಡುವಾಗ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಕೆಳಗಿನ ಕಪಾಟಿಗೆ ಬೆನ್ನು ಬಾಗಿಸದೆ ಮಂಡಿ ಬಾಗಿಸುವುದು, ಇಷ್ಟೇ. ಅವರಲ್ಲಿ ಬೀಳುವುದು ನೂರಕ್ಕೆ 31ರಷ್ಟು ತಗ್ಗಿತು.

ಇತ್ತೀಚೆಗೆ ‘ಫಂಕ್ಷನಲ್ ಟ್ರೈನಿಂಗ್’ ಎಂಬ ಬೋರ್ಡು ತೂಗುಹಾಕಿ ರಬ್ಬರ್ ಚೆಂಡಿನ ಮೇಲೆ ನಿಲ್ಲಿಸಿ ಡಂಬೆಲ್ ಎತ್ತಿಸುವ ಜಾಗಗಳೂ ಹೆಚ್ಚಿವೆ. ಅವುಗಳಿಂದ ದೂರವಿರುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಕೆನಡಾದ ಆ್ಯಂಡರ್ಸನ್ ಮತ್ತು ಬೆಮ್ 2004ರಲ್ಲಿ ತೋರಿಸಿದಂತೆ, ಅಲುಗಾಡುವ ಚೆಂಡಿನ ಮೇಲೆ ಮಲಗಿ ಎದೆಯಿಂದ ನೂಕುವಾಗ ಸ್ನಾಯು ಹೊರಹಾಕುವ ಬಲ ಗಟ್ಟಿ ಬೆಂಚಿನ ಮೇಲಿನದಕ್ಕಿಂತ ನೂರಕ್ಕೆ 60ರಷ್ಟು ಕಡಿಮೆ. ಬಲ ಬೆಳೆಯಲು ಭಾರ ಬೇಕು, ಭಾರಕ್ಕೆ ಗಟ್ಟಿ ನೆಲ ಬೇಕು. ನಾವು ಬದುಕುವುದೂ ಗಟ್ಟಿ ನೆಲದ ಮೇಲೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ ಎಂದು ಎಷ್ಟೋ ದೇಶಗಳ ಅಧ್ಯಯನಗಳು ಹೇಳಿವೆ; ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದಿಲ್ಲ. ನಾಳೆ 34.7 ಕೋಟಿ ಹಿರಿಯರನ್ನು ಕಾಣಲಿರುವ ದೇಶದಲ್ಲಿ ಇದರ ಅರ್ಥ ಆಸ್ಪತ್ರೆಯ ಬಿಲ್ಲಿಗಷ್ಟೇ ಸೀಮಿತವಲ್ಲ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ, ಇಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಇಬ್ಬರೇ. ಒಬ್ಬರು ಬಿದ್ದರೆ ಎತ್ತಬೇಕಾದವರು ಎಪ್ಪತ್ತೈದರ ಇನ್ನೊಬ್ಬರು.

ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ, 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡೂ ಕೂಡಿದ ಚಟುವಟಿಕೆ ಮಾಡಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಪಾರ್ಕುಗಳಲ್ಲಿ ಪಾಲಿಕೆ ಹಾಕಿಸಿದ ಓಪನ್ ಜಿಮ್ಮುಗಳು ಇದನ್ನು ಕೊಡುತ್ತಿಲ್ಲ. ಕಾಲು ತೂಗಾಡಿಸುವ, ಸೊಂಟ ತಿರುಗಿಸುವ ಆ ಉಪಕರಣಗಳಲ್ಲಿ ಬಹುಪಾಲಿನಲ್ಲಿ ಭಾರ ಏರಿಸುವ ವ್ಯವಸ್ಥೆಯೇ ಇಲ್ಲ. ಮೊದಲ ವಾರ ಎಷ್ಟೋ ಹತ್ತನೆಯ ವರ್ಷವೂ ಅಷ್ಟೇ. ಅದೇ ದುಡ್ಡಿನಲ್ಲಿ ಎತ್ತರ ಬೇರೆಬೇರೆಯಾದ ಕಲ್ಲಿನ ಮೆಟ್ಟಿಲು, ಹಿಡಿದು ಜೋತುಬೀಳಲು ಕಂಬಿ, 5ರಿಂದ 20 ಕಿಲೋವರೆಗಿನ ಮರಳಿನ ಚೀಲ, ಬಿದ್ದರೂ ಪೆಟ್ಟಾಗದ ಒಂದು ಮಣ್ಣಿನ ಅಂಕಣ, ವಾರಕ್ಕೆ ಮೂರು ಬೆಳಗ್ಗೆ ಬರುವ ಒಬ್ಬ ತರಬೇತುದಾರ, ಇಷ್ಟು ಮಾಡಬಹುದು.

ಹಿರಿಯರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2010-11ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಏಷ್ಯಾದ ಸಾರ್ಕೊಪೀನಿಯ ತಜ್ಞರ ಕೂಟ 2019ರಲ್ಲಿ ನಮ್ಮಂಥ ಮೈಕಟ್ಟಿನವರಿಗೆಂದೇ ಗೊತ್ತುಮಾಡಿದ ಅಳತೆಯನ್ನೂ ಅಲ್ಲೇ ನೋಡಬಹುದು. ಎದೆಗೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ, ಕೂಡಲೇ ಫಿಸಿಯೋಥೆರಪಿಸ್ಟರ ಬಳಿ ಕಳುಹಿಸಬೇಕು. ಐವತ್ತು ದಾಟಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು, ಬಿಪಿಯ ಪಕ್ಕದಲ್ಲೇ ಆ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಡಬೇಕು. ಅದಕ್ಕೆ ಬೇಕಾದ ಕುರ್ಚಿ ಪ್ರತಿ ಆರೋಗ್ಯ ಕೇಂದ್ರದಲ್ಲೂ ಇದೆ, ಸೆಕೆಂಡ್ ಮುಳ್ಳಿನ ಗಡಿಯಾರ ಗೋಡೆಯ ಮೇಲಿದೆ.